ಬಾಣಂತಿ ಕೋಣೆಯ ಹಳೇ ಕಂಪ್ಯೂಟರುಗಳು

ಗಂಡಸರ ಚಟಗಳೆಂದರೆ ಕುಡಿತ, ಇಸ್ಪೀಟು ಎರಡೇ ಎಂದು ನಾನು ಬಹಳ ಕಾಲ ನೆಮ್ಮದಿಯಿಂದಿದ್ದೆ. ಕುಲಶೇಖರದ ನಮ್ಮ ಮನೆಯ ಎದುರು ಕೋಣೆಯಲ್ಲಿ ಹದಿನಾಲ್ಕು ಮುದಿ ಕಂಪ್ಯೂಟರುಗಳು ಬಂದು ಕುಳಿತ ಮೇಲೆ ಆ ನೆಮ್ಮದಿ ಹೋಯಿತು. ನಿವೃತ್ತರಾದ ನಮ್ಮವರು ಅವನ್ನೆಲ್ಲ ಗುಜರಿ ಅಂಗಡಿಗಳಿಂದ ಬಿಡಿಸಿ ತಂದದ್ದು. ಆದಿತ್ಯವಾರ ಸಾರ್ವಜನಿಕರಿಗೆ ಉಚಿತ ಪ್ರವೇಶ ಎಂದು ಗೇಟಿಗೆ ಬೋರ್ಡೂ ಬಿತ್ತು. ಬಂದವರಿಗೆಲ್ಲ ಚಾ ಮಾಡುವುದು ನನ್ನ ಪಾಲು.

ಮಗಳು ಹೆರಿಗೆಗೆ ಬರುವವಳಿದ್ದಾಳೆ. ಬಚ್ಚಲು ಹೊಂದಿಕೊಂಡಿರುವುದು ಆ ಕೋಣೆಗೆ ಮಾತ್ರ. ಬರುವ ಶನಿವಾರದೊಳಗೆ ಖಾಲಿ ಆಗಬೇಕೆಂದು ಹೇಳಿ ಹೇಳಿ ನನ್ನ ಗಂಟಲೇ ಸವೆದಿತ್ತು. ಅವರು ಆಯ್ತು ಆಯ್ತು ಎನ್ನುತ್ತಲೇ ಹಳೇ ಫ್ಲಾಪಿ ಡಿಸ್ಕುಗಳನ್ನು ಒರೆಸುತ್ತಿದ್ದರು. ಮಳೆಗಾಲದಲ್ಲಿ ಅವಕ್ಕೂ ಉಪ್ಪಿನಕಾಯಿಯ ಹಾಗೆ ಬೂಷ್ಟು ಬರುತ್ತದೆ. ಅವರ ಕೈಯಲ್ಲಿದ್ದ ಬಟ್ಟೆ ನೋಡಿದೆ: ಹುಟ್ಟುವ ಮಗುವಿಗೆಂದು ನಾನು ಹರಿದು, ಒಗೆದು, ಮಡಚಿಟ್ಟ ಹಳೇ ಸೀರೆಯ ತುಂಡು.

“ಮೆತ್ತಗಿನ ಬಟ್ಟೆಯೇ ಆಗ್ಬೇಕು ಮಾರಾಯ್ತಿ. ಇದ್ರಲ್ಲಿರುವ ಪ್ರೋಗ್ರಾಮು ಬೇರೆ ಎಲ್ಲಿಯೂ ಇಲ್ಲ.”

“ಮಗುವೂ ಬೇರೆ ಎಲ್ಲಿಯೂ ಇಲ್ಲ,” ಎಂದೆ.

ಕಳೆದ ಆದಿತ್ಯವಾರ ಇಬ್ಬರು ಕಾಲೇಜು ಹುಡುಗಿಯರು ಬಂದರು. ನಮ್ಮವರು ಒಂದು ಕಂಪ್ಯೂಟರಿನ ಚರಿತ್ರೆಯನ್ನು ಅರ್ಧ ಗಂಟೆ ಹೇಳಿದರು. ಇದರಲ್ಲಿ ಒಂದು ಪತ್ರ ಬರೆದು ಉಳಿಸುವುದು ಹೇಗೆ ಎಂದು ಹುಡುಗಿಯರು ಕೇಳಿದಾಗ ಮಾತ್ರ ಕನ್ನಡಕ ಒರೆಸತೊಡಗಿದರು. ಚಾ ತಂದ ನಾನು ಪರದೆ ನೋಡಿದೆ. ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರು ಕಲಿಸಿದ ಅದೇ ಪ್ರೋಗ್ರಾಮು. ಚಪ್ಪಲಿ ಹೊರಗಿಟ್ಟು, ಕೀಲಿಗಳನ್ನು ಬಾಯಿಪಾಠ ಒಪ್ಪಿಸಿದ ಮೇಲೆಯೇ ಮುಟ್ಟಲು ಬಿಡುತ್ತಿದ್ದರು. ಟ್ರೇ ಯಾವಾಗ ಕೆಳಗಿಟ್ಟೆನೋ ಗೊತ್ತಿಲ್ಲ. ಜ್ವರದ ನಿಮಿತ್ತ ಒಂದು ದಿನದ ರಜೆ ಬೇಡಿ ಸಿಸ್ಟರಿಗೆ ಪತ್ರ ಬರೆದು, ಉಳಿಸಿ, ಮತ್ತೆ ತೆರೆದು ತೋರಿಸಿದೆ.

“ಆಂಟಿ, ನಮ್ಮ ಫ್ರೆಂಡ್ಸಿಗೂ ತೋರಿಸ್ತೀರಾ?”

“ಅದಕ್ಕೆಂತ, ಮುಂದಿನ ಆದಿತ್ಯವಾರ ಕರ್ಕೊಂಡು ಬನ್ನಿ.”

ಶನಿವಾರದ ಗಡುವು ನೆನಪಾದದ್ದು ಹುಡುಗಿಯರು ಗೇಟು ದಾಟಿದ ಮೇಲೆ. ನಮ್ಮವರು, ಮದುವೆಯಾದ ಮೇಲೆ ಮೊದಲ ಸಲ ಖಾಲಿ ಲೋಟಗಳನ್ನು ತಾವೇ ಒಳಗೆ ಒಯ್ದರು.

ಮಗಳಿಗೆ ನಮ್ಮ ಕೋಣೆ, ನಮಗೆ ನಡುಮನೆಯ ನೆಲ ಎಂದು ಈಗ ತೀರ್ಮಾನವಾಗಿದೆ. ಬಚ್ಚಲಿಗೆ ಅವಳು ಹದಿನಾಲ್ಕು ಕಂಪ್ಯೂಟರುಗಳ ನಡುವೆ ಹಾದು ಹೋಗಬೇಕು. ನಿನ್ನೆ ಕಂಪ್ಯೂಟರಿನ ಪರದೆಯ ಮೇಲೆ ಧೂಳು ಕಂಡಿತು. ಕಪಾಟು ತೆಗೆದರೆ ಸೀರೆಯ ತುಂಡು ಉಳಿದದ್ದು ಒಂದೇ. ಕಪಾಟಿನ ಬಾಗಿಲು ಅರ್ಧ ಮುಚ್ಚಿದೆ. ಆಮೇಲೆ ಅದನ್ನೇ ತೆಗೆದುಕೊಂಡೆ. ಮೆತ್ತಗಿನ ಬಟ್ಟೆಯೇ ಆಗಬೇಕು, ನೋಡಿ.