ಹತ್ತೊಂಬತ್ತು ಸಲ ಮುಳುಗಿದ ಸೋದರಮಾವ

"ಅರ್ಧ ಗಂಟಿ ಕೆಲ್ಸ ಅಕ್ಕ. ಹನ್ನೊಂದಕ್ಕೆ ಸರಿಯಾಯ್ ಫೋನ್ ಮಾಡ್ತೆ" ಎಂದು ನಾನು ಮಾತು ಕೊಟ್ಟೆ. ಅಂದು ನನ್ನ ದನಿಯಲ್ಲಿದ್ದ ಧೈರ್ಯವನ್ನು ಈಗ ನೆನೆದರೆ, ಅದು ನನ್ನದೇ ದನಿಯೋ ಎಂದು ಸಂಶಯವಾಗುತ್ತದೆ.

ಸಂಗತಿ ಇಷ್ಟು. ಬೀಜಾಡಿಯಲ್ಲಿರುವ ನನ್ನ ಅಕ್ಕ ಜಲಜಳ ಮಗ ಸಂದೇಶ ದೋಣಿಗಳ ಇಂಜಿನ್ ರಿಪೇರಿ ಮಾಡುವವನು. ಒಂದು ದಿನ ಹಂಗಾರಕಟ್ಟೆಯ ಅಕ್ಷತಾ ಎಂಬ ಹುಡುಗಿ ಮೈಕ್ ಹಿಡಿದುಕೊಂಡು ಅವನ ಶೆಡ್ಡಿಗೆ ಬಂದು, "ನಿಮ್ಮ ಇಂಜಿನ್ನಿನ ಶಬ್ದ ಬೇಕಿತ್ತು" ಎಂದಳಂತೆ. ಶಬ್ದ ನಿಲ್ಲಿಸು ಎಂದು ಬಂದವರು ಊರು ತುಂಬ ಇದ್ದರು. ಬೇಕು ಎಂದು ಬಂದವಳು ಇವಳೊಬ್ಬಳೇ. ಹುಡುಗ ಅಲ್ಲೇ ಬಿದ್ದ!

ಹುಡುಗಿ ಒಳ್ಳೆಯವಳು. ಅವಳ ಅಪ್ಪ ಬಾಬಣ್ಣ ದೋಣಿ ಕಟ್ಟುವುದರಲ್ಲಿ ಹೆಸರು ಮಾಡಿದವರು. ಅವರಿಗೆ ಸಂದೇಶ ಒಪ್ಪಿಗೆಯಾಗಿದ್ದ. ತೊಡಕು ಒಂದೇ. ಅವಳ ಉದ್ಯೋಗ ವಿಡಿಯೋ ಗೇಮ್ ತಯಾರಿಕೆ. ಮನೆಯಲ್ಲೇ ಕುಳಿತು, ಎಲ್ಲೆಲ್ಲೋ ಇರುವ ಮೂರು ಜನ ಗೆಳತಿಯರೊಂದಿಗೆ ಸೇರಿ ಗೇಮ್ ಮಾಡುತ್ತಾಳೆ.

"ಆಟ ಮಾಡುದೂ ಒಂದ್ ಕೆಲ್ಸವಾ?" ಎಂದು ಅಕ್ಕ ಸಿಡಿದಳು. "ಮೊಬೈಲಂಗೆ ಆಟ ಆಡಿ ಆಡಿ ಆಚಿ ಮನಿಯವ ಬೈಕ್ ಮಾರ್ದ. ಅಂಥಾದ್ ಮಾಡುವಳನ್ನ ನಾನ್ ದೀಪ ಹಿಡ್ದ್ ಒಳಗ್ ಕರ್ಕಣ್ಕಾ?"

ನಮ್ಮಲ್ಲಿ ಮದುವೆಯ ವಿಷಯಕ್ಕೆ ಸೋದರಮಾವನ ಮಾತು ಎಂದರೆ ತೂಕ. ಬೇರೆ ಯಾವ ವಿಷಯದಲ್ಲೂ ನನ್ನ ಮಾತಿಗೆ ಆ ತೂಕ ಇಲ್ಲದ್ದರಿಂದ ಈ ಒಂದು ಹುದ್ದೆಯನ್ನು ನಾನು ಬಹಳ ಜೋಪಾನವಾಗಿ ಇಟ್ಟುಕೊಂಡಿದ್ದೆ. ಸಂದೇಶ ಗುಟ್ಟಾಗಿ ಬಂದು ಕೈ ಹಿಡಿದುಕೊಂಡ. "ಮಾವ, ನೀವ್ ಒಂದ್ಸಲ ಹೋಯ್ ಕಂಡ್ ಬನ್ನಿ. ನೀವ್ ಒಳ್ಳೇದ್ ಅಂದ್ರೆ ಅಮ್ಮ ಒಪ್ಪುತ್ತ್. ಇಲ್ದಿರೆ ನನ್ ಕಥಿ ಮುಗೀತ್."

ನಾನು ಒಪ್ಪಿದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಇಡೀ ಕುಟುಂಬದಲ್ಲಿ ವಿಡಿಯೋ ಗೇಮ್ ಬಲ್ಲವನು ನಾನೊಬ್ಬನೇ! ಇದುವರೆಗೆ ಮನೆತನದ ಕಳಂಕವಾಗಿದ್ದ ನನ್ನ ವಿದ್ಯೆ ಆ ದಿನ ಅರ್ಹತೆಯಾಗಿ ಬಡ್ತಿ ಪಡೆಯಿತು.

ನನ್ನ ಗೇಮಿಂಗ್ ಚರಿತ್ರೆ ದೀರ್ಘವಾದದ್ದು. ಕುಂದಾಪುರದ ಬಸ್ ನಿಲ್ದಾಣದ ಸಮೀಪ ಕಪ್ಪು ಪರದೆ ಕಟ್ಟಿದ ಒಂದು ಕೋಣೆಯಲ್ಲಿ, ಟ್ಯೂಷನ್ ಎಂಬ ಹೆಸರಿನಲ್ಲಿ, ನಾನು ಆಕಾಶದಿಂದ ಇಳಿಯುವ ವೈರಿಗಳನ್ನು ಹೊಡೆದುರುಳಿಸುತ್ತಿದ್ದೆ. ಒಂದು ಸಂಜೆ ಪರದೆ ಸರಿಯಿತು. ಬಂಗುಡೆ ಮೀನಿನ ವಾಸನೆಯ ಒಂದು ಕೈ ನನ್ನ ಕಿವಿ ಹಿಡಿಯಿತು. ಅಪ್ಪಯ್ಯ! ಭೂಮಿಯನ್ನು ಕಾಪಾಡುವ ಕೆಲಸ ಅಲ್ಲಿಗೆ ನಿಂತಿತು. ಆಮೇಲೆ ಬೊಂಬಾಯಿ ಹೋಟೆಲಿನಲ್ಲಿದ್ದ ಚಿಕ್ಕಪ್ಪ ಟಿವಿಗೆ ಸಿಕ್ಕಿಸುವ ಆಟದ ಪೆಟ್ಟಿಗೆ ತಂದರು. ಅದರ ಕ್ಯಾಸೆಟ್ಟನ್ನು ಐದು ನಿಮಿಷ ಊದಿದರೆ ಎರಡು ನಿಮಿಷ ಆಡಬಹುದಿತ್ತು. ಕೊನೆಗೆ ಶಾಲೆಯೊಂದರಲ್ಲಿ ಗುಮಾಸ್ತನಾಗಿ ಬ್ರಹ್ಮಾವರಕ್ಕೆ ಬಂದ ಮೇಲೆ, ಆಫೀಸಿನ ಕಂಪ್ಯೂಟರಿನಲ್ಲಿ ಚೌಕಗಳ ಅಡಿಯಲ್ಲಿ ಬಾಂಬು ಹುಡುಕುವ ಆಟ ಸಿಕ್ಕಿತು. ಹುಟ್ಟಾ ಚಿಂತೆಯ ಮನುಷ್ಯನಾದ ನಾನು ಯಾವ ಚೌಕವನ್ನೂ ಒತ್ತುವ ಧೈರ್ಯವಿಲ್ಲದೆ ಗಂಟೆಗಟ್ಟಲೆ ಪರದೆ ನೋಡುತ್ತ ಕುಳಿತಿರುತ್ತಿದ್ದೆ. ಎಷ್ಟು ಶ್ರದ್ಧೆ ಎಂದು ಮುಖ್ಯೋಪಾಧ್ಯಾಯರು ಸಭೆಯಲ್ಲಿ ಹೊಗಳಿದರು.

ಇಷ್ಟು ಅನುಭವವುಳ್ಳವನು ಆ ಭಾನುವಾರ ಬೆಳಿಗ್ಗೆ ಸ್ಕೂಟರ್ ಹತ್ತಿದ. ಗ್ಯಾಸ್ ಬಂದ್ ಮಾಡಿದ್ದೇನೆಯೇ ಎಂದು ನೋಡಲು ಮೂರು ಸಲ ಇಳಿದ. ಒಲೆಯ ಮೇಲೆ ದೋಸೆ ಹೊಯ್ಯುತ್ತಿದ್ದ ನನ್ನ ಹೆಂಡತಿ ಶ್ಯಾಮಲಾ ಮೂರನೆಯ ಸಲ ಸಟ್ಟುಗ ಎತ್ತಿ, "ನಾನ್ ದ್ವಾಸಿ ಹೊಯ್ತಾ ಇದ್ದೆ, ಕಾಂತಿಲ್ಯಾ? ಹೋಯ್ನಿ ಮಾರಾಯ್ರೆ! ಅಲ್ಲ್ ಹೋಯ್ ಹೆಚ್ಚ್ ಮಾತಾಡ್ಬೇಡಿ" ಎಂದಳು.

ಹಂಗಾರಕಟ್ಟೆಯಲ್ಲಿ ಬಾಬಣ್ಣನ ಮನೆಯ ಮುಂದೆ ಅರ್ಧ ಕಟ್ಟಿದ ದೋಣಿಯೊಂದು ನಿಂತಿತ್ತು. ಜಗಲಿಯಲ್ಲಿ ಗೋಳಿಬಜೆ, ಚಹಾ ಬಂದವು. ಸಭ್ಯತೆಗೆಂದು ಫೋನನ್ನು ಸೈಲೆಂಟ್ ಮಾಡಿ ಚೀಲದಲ್ಲಿಟ್ಟೆ. ಆಮೇಲೆ ಹೆಂಡತಿಯ ಮಾತನ್ನು ಅಕ್ಷರಶಃ ಮರೆತೆ.

"ನೋಡಿ ಬಾಬಣ್ಣ, ಚಿತ್ರ ಒಂದು ಕಲೆ. ಸಂಗೀತ ಒಂದು ಕಲೆ. ಕಥೆ ಒಂದು ಕಲೆ. ಈ ಮೂರೂ ಸೇರಿ, ನೋಡುವವನೇ ಪಾತ್ರವಾಗುವ ಕಲೆ ಯಾವುದು? ವಿಡಿಯೋ ಗೇಮ್!" ಇದನ್ನೇ ಹಿಗ್ಗಿಸಿ ಇಪ್ಪತ್ತು ನಿಮಿಷ ಮಾತಾಡಿದೆ. ವಿಚಾರಿಸಲು ಬಂದವನು ನಾನು, ಆದರೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

"ಅದೆಲ್ಲ ಸರಿ, ಬಜಿ ತಣೀತ್ತ್, ತಿನ್ನಿ" ಎಂದರು ಬಾಬಣ್ಣ.

ಅಕ್ಷತಾ ನಗುತ್ತ ಬಂದು ಟಿವಿಗೆ ಲ್ಯಾಪ್‌ಟಾಪ್ ಸಿಕ್ಕಿಸಿದಳು. "ಮಾವ, ನಿಮ್ಗ್ ಅನುಭವ ಇತ್ತಂಬ್ರ್. ಒಂದ್ಸಲ ಆಡಿ ಕಾಣಿ" ಎಂದು ಕಂಟ್ರೋಲರ್ ಕೊಟ್ಟಳು. ಅದನ್ನು ತಿರುಗಿಸಿ ತಿರುಗಿಸಿ ನೋಡಿದೆ. ನಮ್ಮ ಕಾಲದಲ್ಲಿ ಎರಡು ಬಟನ್ ಇದ್ದವು. ಇದರಲ್ಲಿ ಮುಂದೆ, ಹಿಂದೆ, ಭುಜದ ಮೇಲೆ, ಎಲ್ಲ ಕಡೆ ಬಟನ್ನು! ಆದರೆ ಕಲೆಯ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದವನು "ಬರುವುದಿಲ್ಲ" ಎನ್ನಲಾದೀತೇ?

ಪರದೆಯ ಮೇಲೆ ಬೆಳಗಾಯಿತು. ದೋಣಿಗಳು ಬಂದು ನಿಲ್ಲುವ ಧಕ್ಕೆ, ಹೊಳೆ, ಒಂದು ದೋಣಿ. ಗುಂಡಿಲ್ಲ, ವೈರಿಯಿಲ್ಲ, ಅಂಕವಿಲ್ಲ. ಹೊಳೆ ಸಮುದ್ರ ಸೇರುವ ಅಳಿವೆಯ ಬಾಯಲ್ಲಿ, ಮರಳ ದಿಬ್ಬದ ಮೇಲೆ ಮುರಿಯುವ ತೆರೆಗಳನ್ನು ದಾಟಿ ದೋಣಿಯನ್ನು ಆಚೆಗೆ ಒಯ್ಯಬೇಕು. ಅಷ್ಟೇ.

"ಆ ದೋಣಿ ನಂದ್" ಎಂದು ಬಾಬಣ್ಣ ಕುರ್ಚಿ ಮುಂದೆಳೆದರು. "ನಾನ್ ಕಟ್ಟಿದ್ದನ್ನ ಹಲ್ಗಿ ಹಲ್ಗಿ ಅಳ್ದ್ ಬಿಡ್ಸಿತ್ ನನ್ ಮಗ್ಳ್."

ನಾನು ಪೂರ್ತಿ ವೇಗ ಕೊಟ್ಟೆ. ದೋಣಿ ಹಾರಿತು. ಮುಳುಗಿತು.

"ಮೊದ್ಲನೇ ಸಲ ಅಲ್ದಾ" ಎಂದರು ಬಾಬಣ್ಣ ಉದಾರವಾಗಿ.

ಎರಡನೆಯ ಸಲ ಅಳಿವೆಯ ನಟ್ಟ ನಡುವೆ ಲಂಗರು ಬಿಟ್ಟೆ. ಮೂರನೆಯ ಸಲ ನನ್ನದೇ ಜನರ ಮೇಲೆ ಬಲೆ ಬೀಸಿದೆ. ಐದನೆಯ ಸಲ ಯಾವುದೋ ಬಟನ್ ಒತ್ತಿ ಆಕಾಶ ನೋಡುತ್ತ, ಮೋಡಗಳ ಸೌಂದರ್ಯವನ್ನು ಹೊಗಳುತ್ತ ಮುಳುಗಿದೆ. ಎಂಟನೆಯ ಸಲ ಅಳಿವೆಯವರೆಗೂ ಹೋಗಲಿಲ್ಲ, ಧಕ್ಕೆಗೆ ಡಿಕ್ಕಿ ಹೊಡೆದೇ ಮುಳುಗಿದೆ! "ಹಾಂಗೂ ಮುಳುಗ್ತ್ ಅಂದ್ ನಂಗೇ ಗೊತ್ತಿರ್ಲಿಲ್ಲ" ಎಂದು ಅಕ್ಷತಾ ಪುಸ್ತಕದಲ್ಲಿ ಬರೆದುಕೊಂಡಳು. ಅದನ್ನು ನಾನು ಹೊಗಳಿಕೆ ಎಂದೇ ತಿಳಿದೆ.

ಬಾಬಣ್ಣ ಮಾತು ನಿಲ್ಲಿಸಿ ಬಹಳ ಹೊತ್ತಾಗಿತ್ತು. ಚಿಂತೆಯ ಮನುಷ್ಯನಾದ ನಾನು ಅದನ್ನು ಗಮನಿಸಬೇಕಿತ್ತು. ಆದರೆ ಜೀವನದಲ್ಲಿ ಮೊದಲ ಬಾರಿಗೆ ನಾನು ಚಿಂತೆ ಮರೆತಿದ್ದೆ. "ಇನ್ನೊಂದೇ ಸಲ!" ಎನ್ನುತ್ತಿದ್ದೆ. ಹತ್ತೊಂಬತ್ತನೆಯ ಸಲ ದೋಣಿಯ ಮೂತಿ ಮಾತ್ರ ನೀರಿನ ಮೇಲೆ ಒಂದು ಕ್ಷಣ ನಿಂತು ನಮ್ಮನ್ನು ನೋಡಿತು. ಆಮೇಲೆ ಅದೂ ಹೋಯಿತು.

ಬಾಬಣ್ಣ ಎದ್ದು ನಿಂತರು.

"ಮೂವತ್ ವರ್ಷ ಆಯ್ತ್, ನಾನ್ ಕಟ್ಟಿದ್ ದೋಣಿ ಒಂದೂ ಮುಳ್ಗ್ಲಿಲ್ಲ. ನೀವ್ ಸಂಬಂಧ ಕಾಂಬುಕ್ ಬಂದವ್ರ್, ನನ್ ಮನಿಯಂಗೆ, ನನ್ ಕಣ್ಣೆದ್ರ್, ಹತ್ತೊಂಬತ್ ಸಲ ಮುಳುಗ್ಸಿದ್ರಿ! ಇದ್ ಎಂಥಾ ಶಕುನ? ಅಕ್ಷತಾ, ಟಿವಿ ಬಂದ್ ಮಾಡ್. ಈ ಸಂಬಂಧ ನಮ್ಗ್ ಬ್ಯಾಡ."

ಹುಡುಗಿಯ ಮುಖ ಬಿಳಿಚಿತು. ನನಗೆ ಆಗ ಅರಿವಾಯಿತು. ಅಕ್ಕ ಬೇಡ ಎಂದಾಳು ಎಂದು ಹೆದರಿ ಸಂದೇಶ ನನ್ನನ್ನು ಕಳಿಸಿದ್ದ. ನಾನು ಬಂದು, ಬೇಕು ಎಂದಿದ್ದವರಿಂದಲೇ ಬೇಡ ಅನ್ನಿಸಿದ್ದೆ! ಕ್ಷಮೆ ಕೇಳಲು ಬಾಯಿ ತೆರೆದೆ. ಬಾಯಿಂದ ಕ್ಷಮೆಯ ಬದಲು ಗೋಳಿಬಜೆ ಹೊರಡುವ ಸೂಚನೆ ಕಂಡಿತು. ಅಂಗಳಕ್ಕೆ ಓಡಿದೆ.

ಇದನ್ನು ಹೇಳಲೇಬೇಕು. ಮೀನುಗಾರರ ಮನೆಯಲ್ಲಿ ಹುಟ್ಟಿದ ನಾನು ಗುಮಾಸ್ತನಾದದ್ದೇ ಈ ಕಾರಣಕ್ಕೆ. ಅಪ್ಪಯ್ಯ ಒಂದೇ ಒಂದು ಸಲ ದೋಣಿ ಹತ್ತಿಸಿದ್ದರು. ದಡ ಕಣ್ಣಿಗೆ ಕಾಣುತ್ತಿರುವಾಗಲೇ ಕಡಲು ಹಿಡಿದು, ಎಂದರೆ ಅಲೆಗಳ ತೂಗಾಟಕ್ಕೆ ತಲೆ ಸುತ್ತಿ, ನನ್ನ ಹೊಟ್ಟೆ ಖಾಲಿಯಾಗಿತ್ತು. ಈಗ ಒಣ ನೆಲದ ಮೇಲೆ, ಮಲ್ಲಿಗೆ ಗಿಡದ ಪಕ್ಕ, ಅದೇ ಸಾಧನೆಯನ್ನು ಮತ್ತೆ ಮಾಡಿದೆ.

ಹಣೆಯ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡು ಜಗಲಿಯಲ್ಲಿ ಮಲಗಿದ್ದಾಗ ಬೈಕ್ ಬಂದು ನಿಂತಿತು. ಸಂದೇಶ ಮತ್ತು ಅಕ್ಕ! ಹನ್ನೊಂದಕ್ಕೆ ಫೋನ್ ಮಾಡುತ್ತೇನೆಂದವನು ಹನ್ನೆರಡೂವರೆಯಾದರೂ ಮಾಡದೆ, ಅವರ ಕರೆಗಳನ್ನೂ ಎತ್ತದೆ ಇದ್ದರೆ ಇನ್ನೇನಾದೀತು?

"ಹ್ವಾಯ್! ಎಂತ ಆಯ್ತಾ ನಿಂಗೆ?" ಎಂದಳು ಅಕ್ಕ.

"ಕಡಲ್ ಹಿಡ್ದದ್ದ್" ಎಂದರು ಬಾಬಣ್ಣ ನನ್ನ ಪರವಾಗಿ.

"ಕಡಲಾ? ಎಲ್ಲ್ ಹೋಯಿದ್ದ ಕಡ್ಲಿಗೆ?"

"ಟಿವಿಯಂಗೆ."

ಅಕ್ಕ ನನ್ನನ್ನು ನೋಡಿದಳು. ಆ ನೋಟದಲ್ಲಿ ನಲವತ್ತು ವರ್ಷಗಳ ಅನುಭವವಿತ್ತು. ಆಮೇಲೆ ಬಾಬಣ್ಣ ನಡೆದದ್ದನ್ನೆಲ್ಲ ಹೇಳಿ, ಸಂಬಂಧ ಬೇಡ ಎಂಬ ತೀರ್ಮಾನವನ್ನೂ ತಿಳಿಸಿದರು. ಸಂದೇಶ ಬೈಕಿನ ಕೀಲಿ ಹಿಡಿದುಕೊಂಡು ಮೆಟ್ಟಿಲ ಮೇಲೆ ಕುಸಿದ. ಅಕ್ಕನಿಗೆ ಇದು ಹಬ್ಬವಾಗಬೇಕಿತ್ತು. ಆದರೆ ಮಗನ ಮುಖ ನೋಡಿ ಅವಳಿಗೂ ಏನೋ ಆಯಿತು. "ಅಂಥಾದ್ ಎಂತ ಆಟ ಅದ್? ಕಾಂಬ, ಹಾಕ್" ಎಂದಳು.

"ಬ್ಯಾಡ, ಮುಗೀತ್" ಎಂದರು ಬಾಬಣ್ಣ.

ಅದುವರೆಗೆ ಮೆಲ್ಲಗೆ ಮಾತಾಡುತ್ತಿದ್ದ ಅಕ್ಷತಾ ಗಟ್ಟಿಯಾಗಿ ಹೇಳಿದಳು: "ಅಪ್ಪಯ್ಯ, ಎರಡ್ ವರ್ಷ ಕೂಕಂಡ್ ಮಾಡಿದ್ದೆ. ಬ್ಯಾಡ ಅಂಬರ್ ಒಂದ್ಸಲ ಕಂಡಾರೂ ಬ್ಯಾಡ ಅನ್ಲಿ."

ಅಕ್ಕ ನೆಲದ ಮೇಲೆ ಚಕ್ಕಳಮಕ್ಕಳ ಕೂತಳು. ಯಾವ ಬಟನ್ ಮುಂದಕ್ಕೆ, ಯಾವುದು ಚುಕ್ಕಾಣಿ ಎಂದಷ್ಟೇ ಕೇಳಿಕೊಂಡಳು. ದೋಣಿಯನ್ನು ಅಳಿವೆಯ ಹತ್ತಿರ ಒಯ್ದು ನಿಲ್ಲಿಸಿದಳು. ಆಮೇಲೆ ಏನೂ ಮಾಡಲಿಲ್ಲ. ಒಂದು ನಿಮಿಷವಾಯಿತು. ಎರಡಾಯಿತು.

"ಅಕ್ಕ, ಒತ್ತ್!" ಎಂದು ನಾನು ಮಲಗಿದಲ್ಲಿಂದಲೇ ಮಾರ್ಗದರ್ಶನ ನೀಡಿದೆ.

"ನೀ ಬಾಯ್ ಮುಚ್ಚ್. ತೆರೆ ಕಾಣ್. ದೊಡ್ಡದ್ ಮೂರ್ ಬತ್ತ್, ಹೋಯ್ಲಿ. ಮತ್ತ್ ಚೂರ್ ಹೊತ್ತ್ ಮಟ್ಟ್ ಆತ್ತ್."

ಒಂದು ದೊಡ್ಡ ತೆರೆ ಮುರಿಯಿತು. ಎರಡು. ಮೂರು. ನೀರು ಚಪ್ಪಟೆಯಾಯಿತು. "ಈಗಳ್!" ಎಂದಳು ಅಕ್ಕ. ಸಂದೇಶನ ಶೆಡ್ಡಿನ ಇಂಜಿನ್ ಟಿವಿಯೊಳಗೆ ಗುಡುಗಿತು. ದೋಣಿ ಬೆಣ್ಣೆಯ ಮೇಲೆ ಹೋದಂತೆ ಆಚೆ ಹೋಯಿತು!

ಅಲ್ಲಿ ಶಬ್ದವೇ ಇರಲಿಲ್ಲ. ಅಗಲವಾದ ನೀರು, ಅದರ ಮೇಲೆ ಆಗಷ್ಟೇ ಬಿದ್ದ ಬೆಳಕು. ಅಕ್ಷತಾ ಬಗ್ಗಿ ಒಂದು ಬಟನ್ ತೋರಿಸಿದಳು. ಅಕ್ಕ ಒತ್ತಿದಾಗ ನೋಟ ಹಿಂದಕ್ಕೆ ತಿರುಗಿತು. ದೂರದಲ್ಲಿ ದಡ. ದಡದ ಮೇಲೆ ಎಳ್ಳುಕಾಳಿನಷ್ಟು ಸಣ್ಣ ಕೆಲವು ಸೀರೆಗಳು.

"ಅದ್ ಯಾರ್? ನಾವಾ?"

"ಹೌದಮ್ಮ. ದೋಣಿ ದಾಟೂವರಿಗೂ ನಿಂತ್ಕಂಡ್ ಕಾಂಬರ್."

 ಗಂಡ ದೋಣಿಯಲ್ಲಿ ಮೀನಿಗೆ ಹೋಗುವಾಗ ಅಕ್ಕ ಅಂಥ ದಡದಲ್ಲಿ ನಿಂತ ಬೆಳಗುಗಳಿಗೆ ಲೆಕ್ಕವಿಲ್ಲ. ಅಳಿವೆಯಿಂದಾಚೆ ಏನಿದೆ ಎಂದು ಕೇಳಿದಾಗಲೆಲ್ಲ ಭಾವ ಒಂದೇ ಉತ್ತರ ಕೊಡುತ್ತಿದ್ದರು: "ಎಂತ ಇತ್ತ್? ನೀರ್." ಈಗ ಅವಳು ಸೆರಗಿನಿಂದ ಮೂಗು ಒರೆಸಿಕೊಂಡು ಭಾವನಿಗೆ ಫೋನ್ ಹಚ್ಚಿದಳು. ಸ್ಪೀಕರ್ ಹಾಕದೆ ಮಾತಾಡಿ ಅವಳಿಗೆ ಅಭ್ಯಾಸವಿಲ್ಲ.

"ಹ್ವಾಯ್, ನಾನ್ ಅಳಿವೆ ದಾಟ್ದೆ!"

ಆ ಕಡೆಯಿಂದ ಭಾವ ಕೇಳಿದರು: "ಯಾರ್ ದೋಣಿಯಂಗೆ?"

"ಹಂಗಾರಕಟ್ಟಿ ಬಾಬಣ್ಣಂದ್."

"ಹಾಂಗಾರೆ ಹೆದ್ರಿಕಿ ಇಲ್ಲ" ಎಂದು ಭಾವ ಫೋನ್ ಇಟ್ಟರು.

ಬಾಬಣ್ಣ ಜಗಲಿಯ ಅಂಚಿಗೆ ಬಂದರು. ಅಂಗಳದ ದೋಣಿಯ ಕಡೆ ನೋಡಿದರು. "ಅಕ್ಷತಾ, ಎಲ್ಲರಿಗೂ ಊಟಕ್ಕೆ ಹಾಕ್" ಎಂದರು.

"ಹೆಣ್ಣೆ, ಇದನ್ನ ಮದಿ ಆದ್ಮೇಲೂ ಮಾಡ್ತ್ಯಾ?" ಎಂದು ಅಕ್ಕ ಕೇಳಿದಳು.

"ಮಾಡ್ತೆ" ಎಂದಳು ಅಕ್ಷತಾ, ಹೆದರದೆ.

"ಮಾಡ್. ಆರೆ ಆ ದಡದ ಮೇಲಿನ್ ಹೆಂಗ್ಸರಿಗ್ ಮುಖ ಬಿಡ್ಸ್. ನನ್ ಸೀರಿ ಹಸ್ರ್."

ಇಪ್ಪತ್ತು ನಿಮಿಷದ ನನ್ನ ಉಪನ್ಯಾಸ ಯಾರಿಗೂ ಮುಟ್ಟಿರಲಿಲ್ಲ. ಅಕ್ಕ ಉಪನ್ಯಾಸ ಕೇಳಲೇ ಇಲ್ಲ. ಅದು ಕಲೆಯೋ ಅಲ್ಲವೋ ಎಂಬ ಮಾತನ್ನು ಆ ಮೇಲೆ ಯಾರೂ ಎತ್ತಲಿಲ್ಲ. ಪದ್ಧತಿಯಂತೆ ಬಾಬಣ್ಣ ನನ್ನ ಕಡೆ ತಿರುಗಿ, "ಸೋದರಮಾವ ಎಂತ ಹೇಳ್ತ್ರಿ?" ಎಂದರು. ತೂಕದ ಮಾತೊಂದನ್ನು ಹೇಳಲು ಎದ್ದು ಕೂತೆ. ತಲೆ ತಿರುಗಿ ಮತ್ತೆ ಮಲ್ಲಿಗೆ ಗಿಡದ ಕಡೆಗೆ ಓಡಬೇಕಾಯಿತು. ಅದನ್ನೇ ಒಪ್ಪಿಗೆ ಎಂದು ಎಲ್ಲರೂ ತಿಳಿದರು.

ಮದುವೆ ಚೆನ್ನಾಗಿ ನಡೆಯಿತು. ಗೇಮ್ ಕೂಡ ಬಿಡುಗಡೆಯಾಗಿದೆ. ಮೊನ್ನೆ ಅಕ್ಷತಾ ನಮ್ಮ ಮನೆಗೆ ಬಂದು ಶ್ಯಾಮಲಾಗೆ ಅದನ್ನು ತೋರಿಸಿದಳು. ಅದರಲ್ಲೊಂದು ಹೊಸ ಏರ್ಪಾಡು. ಆಡುವವನು ಮೇಲಿಂದ ಮೇಲೆ ಮುಳುಗಿದರೆ, ದಡದ ಮೇಲೆ ಕೊಡೆ ಹಿಡಿದ ಒಬ್ಬ ಮನುಷ್ಯ ಪ್ರತ್ಯಕ್ಷನಾಗುತ್ತಾನೆ. ನನ್ನದೇ ಹೊಟ್ಟೆ, ನನ್ನದೇ ಚೌಕಳಿ ಅಂಗಿ! "ಜಾಗ್ರತಿ! ಮೋಡ ಕಾಣ್! ಉಂಡಿದ್ಯಾ? ಲಂಗರ್ ಕಟ್ಟಿದ್ಯಾ? ಗ್ಯಾಸ್ ಬಂದ್ ಮಾಡಿದ್ಯಾ?" ಎಂದು ಆತ ಕೂಗುತ್ತಲೇ ಇರುತ್ತಾನೆ. ದೋಣಿ ಎಷ್ಟು ದೂರ ಹೋದರೂ ಅವನ ದನಿ ಕೇಳುತ್ತಿರುತ್ತದೆ.

ಕಲೆಯೊಂದರಲ್ಲಿ ನಾನು ಶಾಶ್ವತನಾದೆನಲ್ಲ ಎಂದು ಒಂದು ಕ್ಷಣ ಕಣ್ಣು ತುಂಬಿತು. ಆದರೂ ಆಡುವವರಿಗೆ ಕಿರಿಕಿರಿಯಾದೀತು ಎಂಬ ಚಿಂತೆಯಿಂದ, "ಇವನನ್ನ ಬಂದ್ ಮಾಡೂಕೆ ಒಂದ್ ಬಟನ್ ಇಟ್ಟಿದ್ಯಾ ಮಗಾ?" ಎಂದು ಕೇಳಿದೆ.

"ಇಲ್ಲ ಮಾವ."

ಶ್ಯಾಮಲಾ ಪರದೆಯಿಂದ ಕಣ್ಣು ಕೀಳದೆ ಹೇಳಿದಳು: "ಆ ಬಟನ್ನ್ ನಾನ್ ಇಪ್ಪತ್ನಾಕ್ ವರ್ಷದಿಂದ ಹುಡುಕ್ತಾ ಇದ್ದೆ. ಸಿಕ್ರೆ ಮೊದ್ಲ್ ನಂಗ್ ಹೇಳ್."