ಬೂದು ಟೈ ಕಟ್ಟಿದ ಪಾದ್ರಿ

ಪಾದ್ರಿ ನಾಮ್ ಅವರ ಬಳಿ ಇದ್ದದ್ದು ಎರಡೇ ಟೈ: ಒಂದು ಕೆಂಪು, ಇನ್ನೊಂದು ನೀಲಿ. ಕೊರಿಯಾದಲ್ಲಿ ಚುನಾವಣೆ ಬಂತೆಂದರೆ ಟೈಗೂ ಪಕ್ಷ ಹುಟ್ಟಿಕೊಳ್ಳುತ್ತದೆ. ನೀಲಿಯಾದರೆ ಒಂದನೇ ನಂಬರಿನವರು, ಕೆಂಪಾದರೆ ಎರಡನೇ ನಂಬರಿನವರು. ನಮ್ಮ ಬಂದರಿನ ಪುಟ್ಟ ಚರ್ಚಿನಲ್ಲಿ ಕೆಂಪಿನವರಿಗೆ ನಿವೃತ್ತ ಹೆಡ್‌ಮಾಸ್ಟರ್ ಪ್ಯೋ ಮುಂದಾಳು, ನೀಲಿಯವರಿಗೆ ಮೀನು ಮಾರುವ ಬುನ್ನಿ ಅಜ್ಜಿ.

ಸಾಲದ್ದಕ್ಕೆ, ಈ ಪಾದ್ರಿಯನ್ನು ಉಳಿಸಿಕೊಳ್ಳಬೇಕೋ ಬೇಡವೋ ಎಂದು ಚರ್ಚಿನ ಸಭೆ ಮತ ಹಾಕುವುದೂ ಚುನಾವಣೆಗೆ ಮುಂಚಿನ ಭಾನುವಾರವೇ, ಊಟವಾದ ಮೇಲೆ. ಮೂರರಲ್ಲಿ ಎರಡು ಪಾಲು ಬಾರದಿದ್ದರೆ ಗಂಟುಮೂಟೆ ಕಟ್ಟಿ ಚರ್ಚಿನ ಮನೆ ಖಾಲಿ ಮಾಡಬೇಕು. ದೇವರು ಎಲ್ಲರವನು, ಆದರೆ ದೇವರ ಪಾದ್ರಿ ಮಾತ್ರ ಯಾರವನೂ ಆಗಕೂಡದು ಎಂದು ನಾಮ್ ನಿಟ್ಟುಸಿರುಬಿಟ್ಟರು. ಹೆಂಡತಿ ಮಿರ್ಯಾಂಗ್ ಪಕ್ಕದ ಮನೆಯ ಮುದುಕನಿಂದ ಒಂದು ಬೂದು ಟೈ ಕಡ ತಂದಳು.

ಭಾನುವಾರದ ಆರಾಧನೆಯ ಪ್ರಸಂಗವೆಂದರೆ ಮೂರು ಅಂಶ ಇರಲೇಬೇಕು. ಒಂದೊಂದಕ್ಕೂ ಬೆರಳೆತ್ತಿ ಲೆಕ್ಕ ಹೇಳುವುದು ನಾಮ್ ಅವರ ಹಳೇ ಅಭ್ಯಾಸ.

"ಮೊದಲನೆಯದಾಗಿ..." ಎಂದು ಒಂದು ಬೆರಳೆತ್ತಿದರು.

"ಆಮೆನ್!" ನೀಲಿಯವರ ಬೆಂಚುಗಳು ಗುಡುಗಿದವು. ಪ್ಯೋ ಮುಖ ಗಂಟಿಕ್ಕಿದರು.

ನಾಮ್ ಗಾಬರಿಯಾಗಿ ಎರಡನೇ ಬೆರಳನ್ನೂ ಎತ್ತಿಬಿಟ್ಟರು.

"ಆಮೆನ್! ಆಮೆನ್!" ಈಗ ಕೆಂಪಿನವರ ಸರದಿ.

"ನೋಡ್ರಪ್ಪಾ, ಪ್ರಸಂಗಪೀಠದಿಂದಲೇ ಪ್ರಚಾರ!" ಎಂದಳು ಬುನ್ನಿ ಅಜ್ಜಿ, ಎಲ್ಲರಿಗೂ ಕೇಳುವಂತೆ.

ಮೂರನೇ ಅಂಶಕ್ಕೆ ನಾಮ್ ಎರಡೂ ಕೈಗಳನ್ನು ಜೇಬಿಗೆ ತುರುಕಿಕೊಂಡರು.

"ದೇವರ ಮುಂದೆ ಜೇಬಿಗೆ ಕೈನಾ? ಏನು ಸೊಕ್ಕು!" ಎಂದು ಪ್ಯೋ ಗೊಣಗಿದರು. ಅಷ್ಟರಮಟ್ಟಿಗೆ ಎರಡೂ ಕಡೆಯವರು ಒಂದಾಗಿ ತಲೆದೂಗಿದರು.

ಊಟಕ್ಕೆ ಬುನ್ನಿ ಅಜ್ಜಿ ಹುರಿದ ಮೀನು ತಂದಿದ್ದಳು, ಪ್ಯೋ ಮನೆಯಿಂದ ಕೆಂಪು ಖಾರದ ಸಾರು ಬಂದಿತ್ತು. ಯಾವುದನ್ನು ಮೊದಲು ಮುಟ್ಟಿದರೂ ಕಷ್ಟ. ನಾಮ್ ಬರೀ ಅನ್ನಕ್ಕೆ ನೀರು ಸುರಿದುಕೊಂಡು ಉಣ್ಣತೊಡಗಿದರು.

"ಯಾಕೆ ಅಯ್ಯನವರೇ, ನಾನು ಹುರಿದ ಮೀನಿಗೆ ಮುಳ್ಳು ಜಾಸ್ತಿನಾ?"

"ಹಾಗಲ್ಲ ಅಜ್ಜಿ, ಹೊಟ್ಟೆ ಸರಿಯಿಲ್ಲ."

"ಸಾರು ಕೆಂಪಗಿದೆ ಅಂತ ಬಿಟ್ರೋ?" ಪ್ಯೋ ಬಿಡಲಿಲ್ಲ. "ನಿಮ್ಮ ಹೊಟ್ಟೆಗೂ ಒಂದು ಪಕ್ಷ ಇದೆ ಅಂತ ಇವತ್ತು ಗೊತ್ತಾಯ್ತು."

ನಾಮ್ ಅನ್ನದ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು. ಇನ್ನು ಮತ ಯಾರು ಹಾಕುತ್ತಾರೆ!

ಚೀಟಿ ಎಣಿಸಿದವರು ಪ್ಯೋ. ಅವರ ಧ್ವನಿಯೂ ಯಾಕೋ ಇಳಿದಿತ್ತು.

"ಒಂದೇ ಒಂದು ಮತ ಕಡಿಮೆ ಬಿತ್ತು, ಅಯ್ಯನವರೇ. ಒಂದು ಚೀಟಿ ಖಾಲಿ ಬಂದಿದೆ. ಬೈದೆ ನಿಜ, ಆದ್ರೆ ನನ್ನ ಮತ ನಿಮಗೇ."

"ಅಯ್ಯೋ, ನಂದೂ ನಿಮಗೇ ಕಣಪ್ಪಾ!" ಬುನ್ನಿ ಅಜ್ಜಿ ಸೆರಗಿಲ್ಲದ ಕಾರಣ ಅಂಗಿಯ ತೋಳಿನಲ್ಲೇ ಕಣ್ಣೊರೆಸಿಕೊಂಡಳು. "ಬೈಯೋಕೆ ಇಂಥವರು ಇನ್ನೆಲ್ಲಿ ಸಿಗ್ತಾರೆ?"

ನಾಮ್ ಮನೆಗೆ ಬಂದವರೇ ಟೈ ಕಿತ್ತೆಸೆದರು. "ಪ್ಯೋ ಹಾಕಿದಾನೆ, ಆ ಬಾಯಿಬಡುಕಿ ಅಜ್ಜಿ ಹಾಕಿದಾಳೆ! ಖಾಲಿ ಚೀಟಿ ಹಾಕಿದ ಮಹಾನುಭಾವ ಯಾರೇ?"

ಮಿರ್ಯಾಂಗ್ ಟೈ ಎತ್ತಿಕೊಂಡು ನಿಧಾನವಾಗಿ ಮಡಿಸಿದಳು.

"ನಾನೇ ರೀ. ಹೆಂಡ್ತಿ ಅಂತ ಗಂಡನ ಪಕ್ಷ ವಹಿಸಿದ್ಲು ಅಂತ ನಾಳೆ ಯಾರೂ ಅನ್ನಬಾರ್ದಲ್ಲ, ಅದಕ್ಕೆ."