ಕೈಯಿಂದ ಕೈಗೆ ಕೊಟ್ಟ ಚಾಕು

ನಾನು ವಾದದಲ್ಲಿ ಸೋತದ್ದು ಅಪರೂಪ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ, ಪುರಾವೆಯಿಲ್ಲದೆ ಏನನ್ನೂ ನಂಬಬಾರದೆಂಬುದೇ ನನ್ನ ಸಿದ್ಧಾಂತ. ಕಾಲೇಜಿನ ಚರ್ಚಾಕೂಟದಲ್ಲಿ ದೇವರಿದ್ದಾನೆಂದು ಒಂದು ಶನಿವಾರ, ಇಲ್ಲವೆಂದು ಮುಂದಿನ ಶನಿವಾರ ಸಾಧಿಸಿ ಎರಡು ಸಲವೂ ಚಪ್ಪಾಳೆ ಗಿಟ್ಟಿಸಿದವನು ನಾನು. ಅಂಥವನು ಮೊನ್ನೆ ಭಾನುವಾರ, ದೊಡ್ಡಬಳ್ಳಾಪುರದ ಅಕ್ಕನ ಮನೆಯಲ್ಲಿ, ಒಂದು ಚಾಕುವಿನ ದೆಸೆಯಿಂದ ಮಣ್ಣು ಮುಕ್ಕಿದೆ.

ಎಂಥ ಚಾಕು ಅಂತೀರಿ! ಯುದ್ಧ ಮುಗಿದ ಮೇಲೆ ಬೆಂಗಳೂರಿನಲ್ಲಿ ಸೈನಿಕರ ಬೂಟು, ಬಾಟಲಿ, ಕಂಬಳಿಗಳನ್ನು ಗುಡ್ಡೆ ಹಾಕಿ ಮಾರುತ್ತಿದ್ದಾರಲ್ಲ, ಅಂಥ ಗುಡ್ಡೆಯ ಅಡಿಯಿಂದ ಎಳೆದು ತಂದದ್ದು. ಮಡಚುವ ಚಾಕುವಲ್ಲ. ಮಡಚುವ ಜಾತಿಯ ಮೇಲೆ ನನಗೆ ಮೊದಲಿನಿಂದಲೂ ಗೌರವವಿಲ್ಲ. ಮಾವಿನ ಓಟೆ ಅಡ್ಡ ಬಂದೊಡನೆ ಪಕ್ಷ ಬದಲಾಯಿಸಿ ನಮ್ಮ ಬೆರಳಿನ ಕಡೆಗೇ ತಿರುಗುತ್ತದೆ. ಇದರ ಅಲಗು ಹಿಡಿಯೊಳಗೆ ಕೊನೆಯವರೆಗೂ ಹೋಗಿ ಕೂತಿದೆ. ಹಿಡಿಯೋ, ಚರ್ಮದ ಬಿಲ್ಲೆಗಳನ್ನು ಒತ್ತಾಗಿ ಪೋಣಿಸಿದ್ದು. ಬೆವರಿದ ಕೈಯಲ್ಲೂ ಜಾರದು. ಬಸ್ಸಿನಲ್ಲಿ ಬರುತ್ತ ನಾಲ್ಕು ಸಲ ಒರೆಯಿಂದ ಎಳೆದು ನೋಡಿದೆ. ಪಕ್ಕದ ಯಜಮಾನರು ಮೂರನೆಯ ಸಲಕ್ಕೇ ಎದ್ದು ಬೇರೆ ಕಡೆ ಕೂತರು. ಊರು ಬರುವಷ್ಟರಲ್ಲಿ ನನ್ನ ಎರಡು ಪೆನ್ಸಿಲ್ಲುಗಳೂ ಸೂಜಿಯಷ್ಟು ಚೂಪಾಗಿ, ಬೆರಳಿನಷ್ಟು ಗಿಡ್ಡವಾಗಿದ್ದವು.

ಮನೆಗೆ ಬಂದವನೇ ಅಡಿಗೆಮನೆಗೆ ನುಗ್ಗಿ ಚಾಕುವನ್ನು ಅಕ್ಕನತ್ತ ಚಾಚಿದೆ. ಅವಳು ಎರಡು ಹೆಜ್ಜೆ ಹಿಂದೆ ಸರಿದಳು.

"ಲೇ, ಕೆಳಗಿಡೋ! ಚಾಕೂನ ಕೈಯಿಂದ ಕೈಗೆ ಕೊಡ್ತಾರೇನೋ? ಜಗಳ ಬರುತ್ತೆ."

"ಪಂಥ ಕಟ್ಟೋಣ. ಕೈಯಲ್ಲೇ ತಗೋ. ದೀಪ ಹಚ್ಚೋ ಹೊತ್ತಿನವರೆಗೆ ಜಗಳ ಬರದೇ ಇದ್ರೆ ಈ ಶಾಸ್ತ್ರ ನಮ್ಮನೇಲಿ ಇವತ್ತಿಗೆ ಮುಗೀತು."

"ಬಂದ್ರೆ?"

"ಬಂದ್ರೆ ಚಾಕು ನಿಂದು!"

ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ತೆಗೆದುಕೊಂಡಳು. ಆಕಾಶ ಬೀಳಲಿಲ್ಲ. ಸಾರು ಕುದಿಯಿತು, ಊಟವೂ ಆಯಿತು, ಹಜಾರದಲ್ಲಿ ಭಾವನ ಮಗ್ಗ ಲಟಪಟ ಎನ್ನುತ್ತಲೇ ಇತ್ತು. ಸಂಜೆಯವರೆಗೆ ನಾನು ಸುಮ್ಮನೆ ಕೂತಿದ್ದರೆ ಸಾಕಿತ್ತು.

ಅಷ್ಟರಲ್ಲಿ ಅಕ್ಕ ಕರೆದಳು: "ಇಡೀ ಕುಂಬಳಕಾಯಿಗೆ ಹೆಂಗಸರು ಮೊದಲ ಏಟು ಹಾಕಬಾರದು ಕಣೋ. ನೀನೇ ಹಾಕು ಬಾ." ಚಾಕುವನ್ನು ಕಾಯಿಯ ಪಕ್ಕ ನೆಲದ ಮೇಲಿಟ್ಟಿದ್ದಳು. ನಾನು ಹಾರಿ ಹೋಗಿ ಒಂದೇ ಏಟಿಗೆ ಎರಡು ಹೋಳು ಮಾಡಿದೆ. ಬೆಣ್ಣೆ ಕುಯ್ದ ಹಾಗೆ! ಆ ಸಂತೋಷದಲ್ಲಿ ಬಾಯಿ ನಿಲ್ಲಲಿಲ್ಲ. "ಎಲ್ಲಿ ಜಗಳ? ತೋರಿಸು!" ಎಂದು ಅಕ್ಕನ ಹಿಂದೆಯೇ ಒಲೆಯ ಬಳಿಗೆ, ಹಿತ್ತಲಿಗೆ, ಬಾವಿಕಟ್ಟೆಗೆ ಹೋದೆ. ಐದನೆಯ ಸಲ ಕೇಳಿದಾಗ ಅವಳು ಕೊಡ ಇಳಿಸಿದಳು.

"ಅಲ್ವೋ, ಕೈಯಿಂದ ಕೈಗೆ ಕೊಡಬಾರದು ಅಂದ್ರೆ ಮೂಢನಂಬಿಕೆ. ಹೆಂಗಸರು ಕುಂಬಳಕಾಯಿಗೆ ಏಟು ಹಾಕಬಾರದು ಅಂದಾಗ ಮಾತ್ರ ಕುಣ್ಕೊಂಡು ಬಂದ್ಯಲ್ಲ, ಆಗ ಎಲ್ಲಿಗೆ ಹೋಗಿತ್ತೋ ನಿನ್ನ ತರ್ಕ?"

ಚರ್ಚಾಕೂಟದಲ್ಲಿ ಇಂಥ ಪ್ರಶ್ನೆಯನ್ನು ನನಗೆ ಯಾರೂ ಹಾಕಿರಲಿಲ್ಲ. ಉತ್ತರವಿದ್ದವನು ಮೆಲ್ಲಗೆ ಮಾತಾಡುತ್ತಾನೆ. ನಾನು ದನಿ ಏರಿಸಿದೆ.

"ಮೊದಲು ಸಾರಿಗೆ ಉಪ್ಪು ಹಾಕೋದು ಕಲಿ, ಆಮೇಲೆ ತರ್ಕ!"

"ಎರಡು ಸಲ ಬಡಿಸ್ಕೊಂಡು ತಿಂದ್ಯಲ್ಲೋ ಅದೇ ಸಾರನ್ನ!"

"ಹಸಿವಿಗೆ ತಿಂದೆ!"

"ಹಾಗಾದ್ರೆ ನಾಳೆಯಿಂದ ಹಸ್ಕೊಂಡೇ ಇರು!"

ಮಗ್ಗ ನಿಂತಿತು. ದಿನಕ್ಕೆ ಮೂರು ಮಾತಾಡಿದರೆ ಹೆಚ್ಚು ಎನ್ನುವ ಭಾವ ಹಿತ್ತಲ ಬಾಗಿಲಿಗೆ ಬಂದು ಕೇಳಿದರು: "ಏನಪ್ಪಾ, ಜಗಳಾನಾ?"

"ಜಗಳ ಅಲ್ಲ ಭಾವ, ಚರ್ಚೆ!" ಎಂದು ನಾನು ಕಿರುಚಿದ ರಭಸಕ್ಕೆ ಪಕ್ಕದ ಮನೆಯ ಮಗ್ಗವೂ ನಿಂತಿತು. ಹೆಂಚಿನ ಮೇಲೆ ಬಿಸಿಲು ಇನ್ನೂ ಧಾರಾಳವಾಗಿ ಬಿದ್ದಿತ್ತು. ಅಕ್ಕ ಆ ಬಿಸಿಲನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ನಗತೊಡಗಿದಳು.

ಈಗ ಚಾಕು ಅಕ್ಕನದು, ಈಳಿಗೆಮಣೆ ಮೂಲೆ ಸೇರಿದೆ. "ಚೆನ್ನಾಗಿದೆ ಕಣೋ, ಒಂಚೂರೂ ಅಲುಗಾಡಲ್ಲ" ಎಂದು ಅಕ್ಕ ಅದನ್ನು ನನ್ನೆದುರಿಗೇ ಹೊಗಳುತ್ತಾಳೆ. ನನ್ನ ವಾದವೂ ಅಲುಗಾಡಿಲ್ಲ. ಜಗಳ ಚಾಕುವಿನಿಂದ ಬರಲಿಲ್ಲ ಎಂದು ನಾನು ಈ ಕ್ಷಣವೇ ಸಾಧಿಸಬಲ್ಲೆ. ತೊಡಕೇನೆಂದರೆ, ಹಾಗಾದರೆ ಯಾರಿಂದ ಬಂತು ಎಂದು ಅಕ್ಕ ಕೇಳುತ್ತಾಳೆ. ಅದಿರಲಿ, ಬರೆಯುತ್ತಿರುವ ಈ ಪೆನ್ಸಿಲ್ಲೂ ಮೊಂಡಾಯಿತು. ಅಡಿಗೆಮನೆಗೆ ಹೋಗಬೇಕು. ಅಕ್ಕ ಚಾಕುವನ್ನು ನೆಲದ ಮೇಲಿಡುತ್ತಾಳೆ; ನಾನು ಬಾಯಿ ಮುಚ್ಚಿಕೊಂಡು, ಬಗ್ಗಿ ಎತ್ತಿಕೊಳ್ಳುತ್ತೇನೆ.